ಮೇಲಿನ ಸಾಲಿನ ‘ಇಲ್ಲ’

ಕಲ್ಲು ಹಾಕಿದ್ದು ಯಾರು ಅಂತ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

ಒಂದೊಂದೂ ಮಲಗಿದ ಹಸುವಿನಷ್ಟು ದಪ್ಪ. ಬಾಲಿನ್‌ಕ್ರೇಗ್ ಊರಾಚೆ ಹಳ್ಳದ ಪಕ್ಕ ನಾವು ಬಿಡಾರ ಹಾಕೋ ಒಂದು ಬಯಲಿದೆ, ಅದರ ಬಾಯಿಗೆ ಸಾಲಾಗಿ ಕೂರಿಸಿದ್ರು. ನಾವು ಆಲೂಗಡ್ಡೆ ಆರಿಸೋ ಕೆಲಸಕ್ಕೆ ಉತ್ತರಕ್ಕೆ ಹೋಗಿದ್ವಿ. ವಾಪಸ್ ಬಂದು ನೋಡಿದ್ರೆ ಗಾಡಿ ಒಳಗೆ ಹೋಗೋಕೆ ದಾರಿ ಇಲ್ಲ. ನಲ್ಲಿ ಕಿತ್ತು ಪೈಪಿನ ಬಾಯಿಗೆ ಸಿಮೆಂಟು ಮೆತ್ತಿದ್ರು. ನನ್ನ ಗಂಡ ಡೂಗಲ್ ಒಂದು ಕಲ್ಲಿಗೆ ಬೆನ್ನು ಕೊಟ್ಟು ದೂಡಿದ. ಕಲ್ಲು ಅಲ್ಲಾಡಲಿಲ್ಲ. ಅವನ ಸೊಂಟ ಹಿಡ್ಕೊಂಡಿತು.

ಕೌನ್ಸಿಲ್ ಆಫೀಸಿಗೆ ಹೋದೆ. ಸಮಿತಿ ತೀರ್ಮಾನ ಅಂದ್ರು. ಸಮಿತಿಯವರನ್ನ ಹಿಡಿದೆ. ಊರವರ ಒತ್ತಾಯ ಅಂದ್ರು. ಊರಿಗೆ ಬಂದು ಮಾಂಸದಂಗಡಿಯವನನ್ನ ಕೇಳಿದೆ. ಅವನು ಹಲಗೆ ಒರೆಸ್ತಾ, ನನ್ನ ಮುಖ ನೋಡದೆ, ‘ಎಲ್ಲರೂ ಸೇರಿ ಮಾಡಿದ್ದು’ ಅಂದ. ಎಲ್ಲರೂ ಅಂದ್ರೆ ಯಾರಪ್ಪಾ? ಒಂದು ಹೆಸರು ಹೇಳು ಸಾಕು. ಅವನು ಹಲಗೆ ಒರೆಸ್ತಾನೇ ಇದ್ದ.

ನಾವು ಟ್ರಾವೆಲರ್‌ಗಳು. ಸ್ಕಾಟ್ಲೆಂಡಿನ ರಸ್ತೆ ಮೇಲೆ ಹುಟ್ಟಿ ರಸ್ತೆ ಮೇಲೇ ಮುದುಕರಾಗೋ ಜನ. ಮನೆಗಳಲ್ಲಿರೋರು ನಮ್ಮನ್ನ ಟಿಂಕರು, ಅಂದ್ರೆ ತೂತು ಪಾತ್ರೆ ಬೆಸೆಯೋರು, ಅಂತಾರೆ, ಉಗುಳಿದ ಹಾಗೆ ಅಂತಾರೆ. ಅವರು ಕೆನೆ ಹಾಕ್ಕೊಂಡು ತಿನ್ನೋ ರಾಸ್‌ಬೆರಿ ಹಣ್ಣು ಮುಳ್ಳಿನಿಂದ ಬಿಡಿಸೋದು ನಾವು. ಅವರ ಗೆಡ್ಡೆ ಕೆಸರಿನಿಂದ ಎತ್ತೋದು ನಾವು. ನಲವತ್ತು ವರ್ಷ ಬಗ್ಗಿದ ನನ್ನ ಬೆನ್ನು ಈಗ ನೆಟ್ಟಗಾಗೋದಿಲ್ಲ, ಚಳಿಗೆ ಬೆರಳು ಮಡಚೋದಿಲ್ಲ. ಬೇಸಿಗೆಯ ಹಣ್ಣಿನ ಕಾಲಕ್ಕೂ ಮಳೆಚಳಿಗೂ ನಮಗಿದ್ದದ್ದು ಆ ಬಯಲು ಒಂದೇ. ನಮ್ಮಜ್ಜಿ ಹೆತ್ತಿದ್ದು ಅಲ್ಲೇ.

ಬಯಲು ಹೋದ ಮೇಲೆ ಹೆದ್ದಾರಿ ಪಕ್ಕ ಲಾರಿ ನಿಲ್ಲಿಸೋ ಜಾಗದಲ್ಲಿ ಗಾಡಿಮನೆ ನಿಲ್ಲಿಸಿದ್ವಿ. ಪೆಟ್ರೋಲ್ ಬಂಕಿನಿಂದ ನೀರು ಹೊರಬೇಕು. ಬಂಕಿನವನು ನೀರು ಕೊಡ್ತಿದ್ದ, ಕಕ್ಕಸಿನ ಬೀಗದ ಕೈ ಮಾತ್ರ ಕೊಡ್ತಿರಲಿಲ್ಲ. ‘ಕೆಟ್ಟಿದೆ’ ಅಂತಿದ್ದ. ನನ್ನ ಕಣ್ಣೆದುರಿಗೇ ಲಾರಿ ಡ್ರೈವರ್‌ಗಳು ಒಳಗೆ ಹೋಗಿ ಪ್ಯಾಂಟು ಸರಿ ಮಾಡ್ಕೊಂಡು ಬರ್ತಿದ್ರು. ನಮಗೆ ಮಾತ್ರ ಕೆಟ್ಟಿತ್ತು. ಹೆಂಗಸರು ಹೊಟ್ಟೆ ಅದುಮಿಕೊಂಡು ಕೂರ್ತಿದ್ವಿ. ತಡೆಯೋಕಾಗದಿದ್ರೆ ಹೆದ್ದಾರಿ ದಾಟಿ ಆಚೆ ಗಿಡಗಳ ಮರೆಗೆ ಹೋಗ್ಬೇಕು.

ಬೆತ್ಸಿ ಚಿಕ್ಕಮ್ಮನಿಗೆ ಎಂಬತ್ತು ದಾಟಿತ್ತು. ನನ್ನನ್ನ ಸಾಕಿದವಳು ಅವಳೇ. ನವೆಂಬರಿನ ಒಂದು ಬೆಳಗ್ಗೆ ಮಂಜು ಕವಿದಿತ್ತು. ಯಾರನ್ನೂ ಎಬ್ಬಿಸೋದು ಬೇಡ ಅಂತ ಒಬ್ಬಳೇ ಹೋಗಿದ್ದಾಳೆ. ಕಲ್ಲಿದ್ದಲ ಲಾರಿ. ಡ್ರೈವರ್ ಹುಡುಗ ರಸ್ತೆ ಮೇಲೆ ಕೂತು ಅಳ್ತಿದ್ದ. ಅವನನ್ನ ನಾನು ಬೈಯಲಿಲ್ಲ. ಅವನ ತಪ್ಪಲ್ಲ ಅದು.

ಮಣ್ಣು ಮಾಡಿ ಬಂದು ಅವಳ ಗಾಡಿಮನೆಗೆ ಬೆಂಕಿ ಇಟ್ವಿ. ಸತ್ತವರ ಗಾಡಿ, ಬಟ್ಟೆ, ಬೋಗುಣಿ ಎಲ್ಲ ಸುಡೋದು ನಮ್ಮ ಪದ್ಧತಿ. ಊರಿನ ಪತ್ರಿಕೇಲಿ ‘ಟಿಂಕರುಗಳ ಹೊಗೆಯಿಂದ ನಿವಾಸಿಗಳಿಗೆ ಕಿರಿಕಿರಿ’ ಅಂತ ಬಂತು. ಚಿಕ್ಕಮ್ಮ ಸತ್ತದ್ದು ಬಂದಿರಲಿಲ್ಲ.

ಆಗ ಬಂದಳು ಐಲ್ಸಾ ಪ್ರಿಂಗಲ್. ನಮ್ಮ ಕಡೆಯಿಂದ ಎಡಿನ್‌ಬರೋ ಪಾರ್ಲಿಮೆಂಟಿಗೆ ಆರಿಸಿ ಹೋದವಳು. ಹಸಿರು ರಬ್ಬರ್ ಬೂಟು ಹಾಕ್ಕೊಂಡು, ಕಾರಿನಿಂದ ಇಳಿದು, ನನ್ನ ಕೈ ಹಿಡಿದಳು. ಕಣ್ಣಲ್ಲಿ ನೀರೂ ಇತ್ತು. ಸುಳ್ಳು ನೀರಲ್ಲ ಅದು. ಕೆಲವರಿಗೆ ಅಳೋಕೂ ಬರುತ್ತೆ, ಮಾರೋಕೂ ಬರುತ್ತೆ.

‘ನಾನು ಸದನದಲ್ಲಿ ನಿರ್ಣಯ ಮಂಡಿಸ್ತೀನಿ ಎಫೀ,’ ಅಂದಳು. ‘ಕಲ್ಲು ಹಾಕಿದ್ದನ್ನ ಖಂಡಿಸಿ, ಬಯಲು ವಾಪಸ್ ಕೊಡಬೇಕು ಅಂತ. ನಿಮ್ಮ ಚಿಕ್ಕಮ್ಮನ ಹೆಸರು ಅದರಲ್ಲಿರುತ್ತೆ.’

‘ಅದು ಪಾಸಾದ್ರೆ ಕಲ್ಲು ತೆಗೀತಾರಾ?’

‘ತೆಗೀಲೇಬೇಕು ಅಂತ ಕಾನೂನಿಲ್ಲ. ಆದ್ರೆ ಪಾರ್ಲಿಮೆಂಟೇ ಹೇಳಿದ ಮೇಲೆ ಕೌನ್ಸಿಲಿಗೆ ಮುಖ ಇರಲ್ಲ.’

ಅಷ್ಟು ಸಾಕಿತ್ತು ನನಗೆ. ಯಾರಾದ್ರೂ ಒಬ್ಬರು, ದೊಡ್ಡ ಜಾಗದಲ್ಲಿ ನಿಂತು, ಇದನ್ನ ಮಾಡಿದ್ದು ಇಂಥವರು ಅಂತ ಹೇಳಬೇಕಿತ್ತು. ಚಿಕ್ಕಮ್ಮನನ್ನ ಕೊಂದಿದ್ದು ಮಂಜಲ್ಲ ಅಂತ ಹೇಳಬೇಕಿತ್ತು.

ಫೆಬ್ರವರಿಯಲ್ಲಿ ದಿನ ಗೊತ್ತಾಯ್ತು. ನಾನು ಒಳ್ಳೇ ಕೋಟು ಹಾಕ್ಕೊಂಡೆ. ಡೂಗಲ್ ಬಸ್ಸಿನವರೆಗೂ ಬಂದ. ‘ಹುಷಾರು ಕಣೆ,’ ಅಂದ. ‘ನೀನು ಹೊರಗೆ ಬಂದ ಮೇಲೆ ಅವರು ಚಮಚ ಎಣಿಸ್ಕೋತಾರೆ.’

‘ಎಣಿಸ್ಕೊಳ್ಳಲಿ. ಎರಡು ಕಮ್ಮಿ ಬರೋ ಹಾಗೆ ಮಾಡಿ ಬರ್ತೀನಿ.’

ಐಲ್ಸಾ ನನ್ನನ್ನ ಒಳಗಿನ ಕ್ಯಾಂಟೀನಿಗೆ ಕರ್ಕೊಂಡು ಹೋದಳು. ಸೂಪು ತಂದುಕೊಟ್ಟಳು. ನಾನು ಎರಡು ಚಮಚ ಬಾಯಿಗಿಟ್ಟಿದ್ದೆ ಅಷ್ಟೇ, ‘ಒಂದು ಚಿಕ್ಕ ಬದಲಾವಣೆ ಇದೆ’ ಅಂದಳು.

ನಮ್ಮ ಬದುಕಲ್ಲಿ ಚಿಕ್ಕ ಬದಲಾವಣೆ ಅಂದವರೆಲ್ಲ ಬುಡಕ್ಕೇ ಕೊಡಲಿ ಹಾಕಿದವರು. ಸೂಪು ಪಕ್ಕಕ್ಕಿಟ್ಟೆ.

‘ಆಚೆ ಪಕ್ಷದವರು ತಿದ್ದುಪಡಿ ತಂದಿದ್ದಾರೆ. ಕೆಲವು ಪದ ಬದಲಾಯಿಸಿದ್ದಾರೆ.’

‘ತೋರಿಸಿ.’

ನಾನು ಇಸ್ಕೂಲಿಗೆ ಹೋಗಿದ್ದು ಚಳಿಗಾಲಗಳಲ್ಲಿ ಮಾತ್ರ. ಬೆರಳಿಟ್ಟು ಓದಬೇಕು. ಅವಳು ಗಡಿಯಾರ ನೋಡಿದಳು. ನೋಡ್ಕೊಳ್ಳಲಿ ಅಂತ ನಿಧಾನಕ್ಕೇ ಓದಿದೆ. ‘ಈ ಪಾರ್ಲಿಮೆಂಟು’ ಅನ್ನೋದರ ಮುಂದಿನದ್ದೆಲ್ಲ, ಕೊನೆಯವರೆಗೂ, ತೆಗೆದುಹಾಕಿ ಅಂತಿತ್ತು. ಅದರ ಜಾಗಕ್ಕೆ, ಬಾಲಿನ್‌ಕ್ರೇಗಿನ ನಿವಾಸಿಗಳು ತಮ್ಮ ಬಯಲನ್ನು ಸ್ವಚ್ಛವಾಗಿಟ್ಟುಕೊಂಡಿದ್ದಕ್ಕೆ ಅಭಿನಂದಿಸುತ್ತದೆ ಅಂತ ಸೇರಿಸಿ ಅಂತಿತ್ತು. ನಮ್ಮ ಪಾಲಿಗೆ ಉಳಿದದ್ದು ‘ಈ ಪಾರ್ಲಿಮೆಂಟು’ ಅನ್ನೋ ಎರಡು ಪದ.

‘ಚಿಕ್ಕಮ್ಮನ ಹೆಸರು ಎಲ್ಲಿ?’

‘ನಾನು ಭಾಷಣದಲ್ಲಿ ಹೇಳ್ತೀನಲ್ಲ.’

‘ನೀವು ಈ ತಿದ್ದುಪಡಿಗೆ ಬೇಡ ಅಂತೀರಿ ತಾನೆ?’

ಅವಳು ಚಮಚದಿಂದ ಮೇಜಿನ ಮೇಲೆ ಗೀರಿದಳು. ಆಮೇಲೆ ಮಗುವಿಗೆ ತಿಳಿಹೇಳೋ ದನೀಲಿ ಶುರು ಮಾಡಿದಳು. ಬಾಲಿನ್‌ಕ್ರೇಗಿಗೆ ಸುತ್ತುರಸ್ತೆ ಬೇಕಂತೆ. ಆಚೆಯವರು ಅದಕ್ಕೆ ಬೆಂಬಲ ಕೊಡ್ತಾರಂತೆ, ಇವಳು ಇದಕ್ಕೆ ಸುಮ್ಮನಿದ್ರೆ. ಮೇ ತಿಂಗಳಲ್ಲಿ ಚುನಾವಣೆ. ‘ಜಗಳ ಆಗಲ್ಲ. ಐದು ಗಂಟೆಗೆ ತೀರ್ಮಾನದ ಹೊತ್ತು. ದಿನವಿಡೀ ಚರ್ಚೆಯಾದದ್ದೆಲ್ಲ ಆಗ ಒಂದರ ಹಿಂದೊಂದು ಬರುತ್ತೆ. ಎಲ್ಲರೂ ಒಪ್ಪಿದ್ದೀರಾ ಅಂತ ಸಭಾಧ್ಯಕ್ಷರು ಕೇಳ್ತಾರೆ. ಯಾರಾದ್ರೂ ಒಬ್ಬರು ‘ಇಲ್ಲ’ ಅಂದ್ರೆ ಮಾತ್ರ ಗುಂಡಿ ಒತ್ತೋ ಮತ. ಯಾರೂ ಅನ್ನಲ್ಲ. ಮಾತಾಡಿ ಇಟ್ಟಿದ್ದೀವಿ. ತಿದ್ದುಪಡಿಯೂ ಆಗುತ್ತೆ, ನನ್ನ ನಿರ್ಣಯವೂ ಆಗುತ್ತೆ. ನಿಮ್ಮ ಜನಕ್ಕೆ ಹೇಳಿ, ನಿರ್ಣಯ ಪಾಸಾಯ್ತು ಅಂತ.’

‘ನೀವು ಯಾವ ಕಡೆ ಅಂತ ಎಲ್ಲೂ ಬರಲ್ವಾ?’

‘ಮತವೇ ಇಲ್ಲದ ಮೇಲೆ ಹೆಸರು ಹೇಗೆ ಬರುತ್ತೆ? ಎಲ್ಲರೂ ಒಪ್ಪಿದ್ದು ಅಂತ ಬರುತ್ತೆ.’

ಒಳ್ಳೇ ಸುದ್ದಿ ಹೇಳಿದ ಹಾಗೆ ಹೇಳಿದಳು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಎಲ್ಲರೂ. ಮಾಂಸದಂಗಡಿಯವನು ಹೇಳಿದ್ದೂ ಇದನ್ನೇ. ಊರಿನಿಂದ ಇಲ್ಲೀತನಕ ಬಸ್ಸು ಹತ್ತಿ ಬಂದ್ರೂ ಅದೇ ಮಾತು, ಬರೀ ಕುರ್ಚಿ ದೊಡ್ಡದು. ನನ್ನ ಮೂಗಿಗೆ ತುಪ್ಪ ಸವರಿ, ಸವರಿದ್ದಕ್ಕೆ ಕೈ ಮುಗಿ ಅಂತಿದ್ದಾಳೆ. ನನಗೆ ಸಿಟ್ಟು ತಲೆಗೇರಲಿಲ್ಲ. ಕೆಳಗಿಳಿದು ಕಾಲಲ್ಲಿ ನಿಂತಿತು. ಎದ್ದೆ.

‘ಮನೆಗೆ ಹೋಗ್ತೀರಾ?’ ಅಂದಳು. ದನೀಲಿ ಆಸೆ ಇತ್ತು.

‘ಇಲ್ಲ ಮೇಡಂ. ನೋಡಿಕೊಂಡೇ ಹೋಗ್ತೀನಿ.’

ಗ್ಯಾಲರಿ ಅನ್ನೋದು ಸದಸ್ಯರ ಬೆನ್ನ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಏರಿಕೊಂಡು ಹೋಗಿದೆ. ನಾನು ಮುಂದಿನ ಸಾಲಿನಲ್ಲೇ ಕೂತೆ. ಕೆಳಗೆ ಬಲಕ್ಕೆ ಐಲ್ಸಾಳ ನೆತ್ತಿ ಕಾಣ್ತಿತ್ತು. ಅವಳು ಮಾತಾಡಿದಳು. ಚೆನ್ನಾಗಿಯೇ ಮಾತಾಡಿದಳು. ‘ಹಿರಿಯ ಮಹಿಳೆಯೊಬ್ಬರು’ ಅಂದಳು. ಹೆಸರು ಹೇಳಲಿಲ್ಲ. ಎಂಬತ್ತು ವರ್ಷ ಬೆತ್ಸಿ ಅಂತ ಕರೆಸಿಕೊಂಡವಳು ಅರ್ಧ ನಿಮಿಷದಲ್ಲಿ ಮಹಿಳೆಯೊಬ್ಬರು ಆದಳು. ಆಚೆ ಪಕ್ಷದ ಬೂದು ಸೂಟಿನವನು ಎದ್ದು ‘ನೆರೆಹೊರೆಯ ಸೌಹಾರ್ದ’ ಅಂದ. ಮಿಕ್ಕವರು ಫೋನು ನೋಡ್ತಿದ್ರು.

ಐದು ಗಂಟೆಗೆ ಎಲ್ಲರೂ ಒಳಗೆ ಬಂದು ತುಂಬಿಕೊಂಡ್ರು. ಸಭಾಧ್ಯಕ್ಷ ನಮ್ಮ ಕಡೆ ಮುಖ ಮಾಡಿ ಕೂತಿದ್ದ, ಆದ್ರೆ ಕಣ್ಣು ಕಾಗದದ ಮೇಲೆ. ಮೀನುಗಾರಿಕೆ ವಿಷಯ ಓದಿದ. ಎಲ್ಲರೂ ಒಪ್ಪಿದ್ದೀರಾ? ಗುಜುಗುಜು ಹೌದು. ಸದನ ಒಪ್ಪಿದೆ. ಇನ್ನೊಂದು ಓದಿದ. ಒಪ್ಪಿದೆ. ಹಣ್ಣಿನ ಬುಟ್ಟಿ ತೂಗೋ ಮೇಸ್ತ್ರಿಯಂತೆ ತಲೆ ಎತ್ತದೆ ಓದ್ತಿದ್ದ. ಆಮೇಲೆ ಪ್ರಿಂಗಲ್ ಅವರ ನಿರ್ಣಯಕ್ಕೆ ಬಂದಿರೋ ತಿದ್ದುಪಡಿ ಅಂದ.

‘ಎಲ್ಲರೂ ಒಪ್ಪಿದ್ದೀರಾ?’

‘ಇಲ್ಲ.’

ಕಿರುಚಲಿಲ್ಲ ನಾನು. ಹಣ್ಣಿನ ಹೊಲದ ಈ ತುದೀಲಿ ಕೂತು ಆ ತುದೀಲಿರೋರಿಗೆ ಖಾಲಿ ಬುಟ್ಟಿ ತನ್ನಿ ಅಂತ ಹೇಳೋ ದನಿ ಅದು. ಗಂಟಲಿನಿಂದ ಬರಲ್ಲ, ಹೊಟ್ಟೆಯಿಂದ ಬರುತ್ತೆ. ಐಲ್ಸಾಳ ತಲೆ ಮೇಲಿಂದ ಹೋಗಿ ಸಭಾಧ್ಯಕ್ಷನ ಮುಂದೆ ಬಿತ್ತು.

ಅವನು ತಲೆ ಎತ್ತಲೇ ಇಲ್ಲ. ಬಾಯಿಗೆ ರೂಢಿಯಾದ ಮಾತು ತಾನಾಗಿ ಬಂತು. ‘ಸದನ ಒಪ್ಪಿಲ್ಲ. ಮತ ವಿಭಜನೆ ಆಗುತ್ತದೆ.’

ಗಂಟೆ ಹೊಡೀತು. ಮತಕ್ಕೆ ಅಣಿ ಮಾಡ್ಕೊಳ್ಳೋಕೆ ಸ್ವಲ್ಪ ಹೊತ್ತು ಬಿಡುವು ಕೊಡ್ತಾರೆ. ಕೆಳಗೆ ಗದ್ದಲ. ಬೂದು ಸೂಟಿನವನು ತನ್ನವರ ಕಡೆ ತಿರುಗಿ ಯಾರು, ಯಾರು ಅಂತಿದ್ದ. ಅವರು ಇವರನ್ನ ನೋಡಿದ್ರು, ಇವರು ಅವರನ್ನ ನೋಡಿದ್ರು. ಮೇಲೆ ನೋಡಬೇಕು ಅಂತ ಯಾರಿಗೂ ಹೊಳೀಲಿಲ್ಲ. ಐಲ್ಸಾಗೆ ಹೊಳೀತು. ತಿರುಗಿ ನನ್ನನ್ನ ನೋಡಿದಳು. ಮುಖ ಸುಣ್ಣದ ಹಾಗಾಗಿತ್ತು.

ಕಾವಲಿನವನು ಬಂದು ನನ್ನ ಪಕ್ಕ ನಿಂತ. ನಲವತ್ತರ ಗಂಡಸು, ಕೆಂಪು ಗಡ್ಡ. ಅವನಿಗಂತೂ ಗೊತ್ತಿತ್ತು. ಎಬ್ಬಿಸಿ ಹೊರಗೆ ಹಾಕ್ತಾನೆ ಅಂದ್ಕೊಂಡೆ. ಅವನು ಕೈ ಕಟ್ಟಿಕೊಂಡು ಗೋಡೆ ನೋಡಿದ.

ಐಲ್ಸಾ ಮೆಟ್ಟಿಲು ಹತ್ತಿ ಓಡಿ ಬಂದಳು. ಏದುಸಿರು. ‘ಏನು ಮಾಡಿದಿರಿ ಎಫೀ? ಎಲ್ಲಾ ಹಾಳಾಗುತ್ತೆ. ನಾನು ಹೌದು ಒತ್ತಿದ್ರೆ ನಿಮಗೆ ದ್ರೋಹ ಅಂತಾರೆ. ಇಲ್ಲ ಒತ್ತಿದ್ರೆ ರಸ್ತೆ ಹೋಯ್ತು.’

‘ಆಗಲೇ ಹಾಗೇ ಇತ್ತಲ್ಲ. ಈಗ ಕಾಣ್ತಾ ಇದೆ.’

‘ಈತನಿಗೆ ಹೇಳಿ. ಕೂಗಿದ್ದು ನಾನು ಅಂತ ಒಂದು ಮಾತು ಹೇಳಿ. ಗ್ಯಾಲರಿಯ ದನಿ ಲೆಕ್ಕಕ್ಕಿಲ್ಲ, ಮತ ರದ್ದಾಗುತ್ತೆ. ನಿಮಗೆ ಏನೂ ಆಗದ ಹಾಗೆ ನಾನು ನೋಡ್ಕೋತೀನಿ.’

‘ನೀನೇ ಹೇಳು.’

ಅಲ್ಲೀತನಕ ನೀವು, ಮೇಡಂ ಅಂತಿದ್ದೆ. ಆ ಮೆಟ್ಟಿಲ ಮೇಲೆ ಅದು ಉದುರಿ ಬಿತ್ತು.

‘ಕೆಳಗೆ ಹೋಗಿ ನಿಂತು ಹೇಳು. ಮೇಲೆ ಕೂತಿರೋ ಆ ಹೆಂಗಸು ಎಫೀ ಟೌನ್ಸ್‌ಲಿ, ನಾನೇ ಕರೆಸಿದ್ದು, ಅವಳ ಚಿಕ್ಕಮ್ಮ ಬೆತ್ಸಿ ಉಚ್ಚೆಗೆ ಹೋಗಿ ಸತ್ತಳು, ಅವಳಿಗೆ ಇದು ಒಪ್ಪಿಗೆ ಇಲ್ಲ ಅಂತ ಹೇಳು. ಅಷ್ಟು ಹೇಳಿದ್ರೆ ನನ್ನನ್ನ ಜೈಲಿಗೆ ಹಾಕಿದ್ರೂ ಹೋಗ್ತೀನಿ.’

ಅವಳು ಕಾವಲಿನವನ ಕಡೆ ತಿರುಗಿ, ‘ನೀವು ಕೇಳಿಸ್ಕೊಂಡಿರಬೇಕಲ್ಲ, ದನಿ ಎಲ್ಲಿಂದ ಬಂತು?’ ಅಂದಳು.

‘ಸದನದಿಂದ ಬಂತು ಮೇಡಂ,’ ಅಂದ ಅವನು, ಗೋಡೆ ನೋಡ್ತಾನೇ.

ಮತ್ತೆ ಗಂಟೆ. ಅವಳು ಇಳಿದು ಹೋಗಿ ಕೂತಳು. ಮತ ಶುರು ಅಂದ್ರು. ಅವಳ ಬೆರಳು ಗುಂಡಿ ಮೇಲಿರೋದು ನನಗೆ ಮೇಲಿಂದ ಕಾಣ್ತಿತ್ತು. ಹೌದು ಒತ್ತಿದಳು. ತನ್ನ ನಿರ್ಣಯದ ಕುತ್ತಿಗೆ ತಾನೇ ಹಿಚುಕಿದಳು. ತಿದ್ದುಪಡಿ ಗೆದ್ದಿತು. ಆದ್ರೆ ಇಲ್ಲ ಅಂತ ಒತ್ತಿದವರೂ ಬೇಕಾದಷ್ಟು ಜನ ಇದ್ರು. ಬೇಡ ಅನ್ನೋ ಮನಸ್ಸು ಅವರಿಗೂ ಇತ್ತು, ಮೊದಲು ಬಾಯಿ ಬಿಡೋಕೆ ಒಬ್ಬ ಮುದುಕಿ ಬೇಕಾಗಿತ್ತು. ಯಾರು ಏನು ಒತ್ತಿದ್ರು ಅಂತ ಹೆಸರಿನ ಸಮೇತ ಅವತ್ತೇ ಸಂಜೆ ಪ್ರಪಂಚಕ್ಕೆಲ್ಲ ಕಾಣೋ ಹಾಗೆ ಹಾಕಿದ್ರು. ಅದು ಅವರದ್ದೇ ನಿಯಮ.

ಕೆಂಪು ಗಡ್ಡದವನು ನನ್ನನ್ನ ಬಾಗಿಲವರೆಗೂ ಬಿಟ್ಟ. ಯಾರೂ ಇಲ್ಲದ ಕಡೆ ನಿಂತು ನಮ್ಮ ಒಳಮಾತಿನಲ್ಲಿ, ರಸ್ತೆಯವರಿಗೆ ಬಿಟ್ರೆ ಯಾರಿಗೂ ಬಾರದ ಮಾತಿನಲ್ಲಿ, ‘ನಮ್ಮಮ್ಮನೂ ಹಣ್ಣಿನ ಹೊಲದವಳೇ ಅಕ್ಕಾ’ ಅಂದ. ‘ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ.’

ಬಸ್ಸಿನಲ್ಲಿ ಅದೇ ತಲೇಲಿ ತಿರುಗ್ತಿತ್ತು. ಇವನೊಬ್ಬ. ಇಂಥವರು ಇನ್ನೆಷ್ಟು? ಬಾಲಿನ್‌ಕ್ರೇಗಿನಲ್ಲೇ, ಸುತ್ತಲ ಊರುಗಳಲ್ಲೇ, ಮನೆ ಸೇರಿ, ಪರದೆ ಹಾಕ್ಕೊಂಡು, ಅಜ್ಜಿಯ ಹೆಸರು ನುಂಗಿಕೊಂಡು ಬದುಕಿರೋರು ಎಷ್ಟು ಜನ? ನನಗೆ ಗೊತ್ತಿತ್ತು. ನಮ್ಮಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನೋದನ್ನ ಮರೆಯೋರಿಲ್ಲ. ಔಷಧಿ ಅಂಗಡಿಯವನ ಹೆಂಡತಿ ಬೆತ್ಸಿ ಚಿಕ್ಕಮ್ಮನ ಅಣ್ಣನ ಮೊಮ್ಮಗಳು. ಇಸ್ಕೂಲಿನ ಅಡುಗೆಯವಳು ನನಗೆ ನಾದಿನಿ ಆಗಬೇಕು. ಪೆನ್ಶನ್ ತಗೊಂಡು ಕೂತಿರೋ ಒಬ್ಬ ಪೊಲೀಸಿನವನೂ ಇದ್ದ. ಇವರೆಲ್ಲ ಪ್ರತಿ ಸಲ ಐಲ್ಸಾಗೇ ಮತ ಹಾಕ್ತಿದ್ದವರು. ಅವಳು ಒಳ್ಳೆಯವಳು ಅಂತ.

ಬುಟ್ಟಿಗೆ ಬಟ್ಟೆಕ್ಲಿಪ್ಪು, ಕಸೂತಿ ತುಂಬ್ಕೊಂಡು ಹೊರಟೆ. ನಮ್ಮ ಹೆಂಗಸರು ಮೊದಲಿಂದ ಮನೆ ಮನೆ ತಿರುಗಿ ಮಾರಿದ ಹಾಗೆ. ಟಿಂಕರ್ ಮುದುಕಿ ಬಾಗಿಲು ತಟ್ಟಿದ್ರೆ ಅಕ್ಕಪಕ್ಕದವರಿಗೆ ಅನುಮಾನ ಬರಲ್ಲ. ಮಾರ್ಚಿನ ಆಲಿಕಲ್ಲಿಗೆ ಬೆನ್ನು ಕೊಟ್ಟು ನಡೆದೆ. ನಾಯಿ ಬಿಟ್ರು. ಒಬ್ಬಳು ಪೊರಕೆ ತೋರಿಸಿದಳು. ನಡೆದೆ.

ಔಷಧಿ ಅಂಗಡಿಯವನ ಹೆಂಡತಿ ನನ್ನ ಗುರುತು ಹಿಡಿದು ಬಾಗಿಲು ಹಾಕೋಕೆ ಹೋದಳು. ಕಾಲು ಅಡ್ಡ ಇಟ್ಟೆ.

‘ದಯವಿಟ್ಟು ಹೋಗು,’ ಅಂದಳು. ‘ನನ್ನ ಗಂಡನಿಗೆ ಗೊತ್ತಿಲ್ಲ. ಮಕ್ಕಳಿಗೂ ಗೊತ್ತಿಲ್ಲ.’

‘ನಿನ್ನ ಗುಟ್ಟು ಕೆದಕೋಕೆ ಬಂದಿಲ್ಲ ಮಗಾ. ಒಂದು ಹೆಸರು ಕೊಟ್ಟು ಹೋಗೋಕೆ ಬಂದೆ.’ ನಡೆದದ್ದೆಲ್ಲ ಹೇಳಿದೆ. ಬಯಲು, ಬೀಗದ ಕೈ, ಲಾರಿ, ತಿದ್ದುಪಡಿ, ಒತ್ತಿದ ಗುಂಡಿ. ‘ನೀನು ಬೀದಿಗೆ ಬರಬೇಡ. ಮತಗಟ್ಟೇಲಿ ಪರದೆ ಇರುತ್ತೆ. ಅದು ಇರೋದೇ ನಮ್ಮಂಥೋರಿಗೆ. ಐಲ್ಸಾಗೆ ಪರದೆ ಇರಬಾರದು, ಅದನ್ನ ನಾನು ಕಿತ್ತಾಗಿದೆ.’

ಅವಳು ನನ್ನ ಕೈ ನೋಡಿದಳು. ಹನ್ನೆರಡು ಕ್ಲಿಪ್ಪು ತಗೊಂಡಳು. ಬಾಗಿಲು ಹಾಕಿಕೊಂಡಳು. ಒಳಗೆ ಅವಳು ಅಳೋದು ಕೇಳಿಸ್ತು. ನನಗೆ ಕನಿಕರ ಬರಲಿಲ್ಲ. ಬೆತ್ಸಿ ಮಣ್ಣಾದ ದಿನ ಅತ್ತಿದ್ರೆ ಬರ್ತಿತ್ತೇನೋ.

ಹೀಗೆ ಬಾಗಿಲಿಂದ ಬಾಗಿಲಿಗೆ. ಪೊಲೀಸಿನವನು ಒಳಗೆ ಕರೆದು ಕೂರಿಸಿ, ಪೂರ್ತಿ ಕೇಳಿ, ‘ಹಿಂದಿನ ಬಾಗಿಲಿಂದ ಹೋಗು’ ಅಂದ. ಹಿಂದಿನ ಬಾಗಿಲಿಂದಲೇ ಹೋದೆ. ನನಗೇನು? ಬೇಕಾಗಿದ್ದು ಅವನ ಮಾನ ಅಲ್ಲ.

ಮೇ ತಿಂಗಳಲ್ಲಿ ಐಲ್ಸಾ ಸೋತಳು. ಕೂದಲೆಳೆಯಲ್ಲಿ ಸೋತಳು. ಪತ್ರಿಕೆಯವರು ಸುತ್ತುರಸ್ತೆ ಅಂದ್ರು, ಮಳೆ ಅಂದ್ರು, ಕಾರಣ ಹುಡುಕ್ತಾನೇ ಇದ್ರು. ಡೂಗಲ್ ಆ ಪತ್ರಿಕೆ ಹರಿದು ಮೀನು ಸುತ್ತಿದ.

ಒಂದು ವಾರ ಬಿಟ್ಟು ಅವಳ ಕಾರು ನಮ್ಮ ಗಾಡಿಮನೆ ಪಕ್ಕ ನಿಂತಿತು. ನಾನು ಬಟ್ಟೆ ಹಿಂಡ್ತಿದ್ದೆ. ಈ ಸಲ ಕೈ ಹಿಡಿಯೋಕೆ ಬರಲಿಲ್ಲ. ಕಾರಿನ ಬಾಗಿಲು ಹಿಡ್ಕೊಂಡೇ ನಿಂತಳು.

‘ನೀನೇ ತಾನೆ ಮನೆ ಮನೆ ತಿರುಗಿದ್ದು?’

‘ನಾನೇ.’ ಈ ಸಲ ಒಪ್ಪಿಕೊಂಡೆ. ಅಡಗಿಸೋಕೆ ಏನೂ ಇರಲಿಲ್ಲ.

‘ಹನ್ನೆರಡು ವರ್ಷ ದುಡಿದೆ ನಾನು ಈ ಜನಕ್ಕೆ,’ ಅಂದಳು. ‘ನಿಮಗೋಸ್ಕರ ಬಾಯಿ ಬಿಟ್ಟವಳು ಅಂದ್ರೆ ನಾನೊಬ್ಬಳೇ. ನನ್ನನ್ನ ಮುಗಿಸಿದೆ. ನಿನಗೇನು ಸಿಕ್ತು? ಕಲ್ಲು ಅಲ್ಲೇ ಇದೆ. ಗೆದ್ದಿರೋದು ಆ ತಿದ್ದುಪಡಿ ತಂದ ಪಕ್ಷದವನು. ನಿಮ್ಮನ್ನ ಈ ರಸ್ತೆಬದಿಯಿಂದಲೂ ಎಬ್ಬಿಸ್ತೀನಿ ಅಂತ ಹೇಳಿಕೊಂಡೇ ಗೆದ್ದವನು. ನನಗಿಂತ ಕೆಟ್ಟವನು ಅಂತ ನಿನಗೆ ಗೊತ್ತಿರಲಿಲ್ವಾ?’

‘ಗೊತ್ತಿತ್ತು.’

‘ಮತ್ತೆ?’

ಬಟ್ಟೆಯ ನೀರು ಪೂರ್ತಿ ಹಿಂಡಿದೆ. ಬೆರಳು ನೋಯ್ತಿತ್ತು. ಒದರಿ ಹಗ್ಗಕ್ಕೆ ಹಾಕಿದೆ.

‘ಅವನು ಮಾಡೋದನ್ನ ಹೇಳಿಯೇ ಮಾಡ್ತಾನೆ. ಅವನ ಹೆಸರೂ ಗೊತ್ತು, ನಾನು ತಟ್ಟಬೇಕಾದ ಮನೆಗಳೂ ಗೊತ್ತು. ಬುಟ್ಟಿ ಖಾಲಿಯಾಗಿದೆ, ತುಂಬಿಸ್ತಾ ಇದ್ದೀನಿ. ನೀನು ದಾರಿ ಬಿಡು.’